ಯೂದ ದುಡ್ಡು ಎಸೆದ ಮೇಲೆ ಇಷ್ಟು ಚೆಂದದ ಹಾಡು ಯಾಕೆ?

ಕೆಳದನಿ
ಎಲ್ಲರಿಗೂ ನಮಸ್ಕಾರ. ಸಂಗೀತ ಗೊತ್ತಿರುವವರೂ ಬೈಬಲ್ ಓದಿಕೊಂಡವರೂ ಇಲ್ಲಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಶಿವಮೊಗ್ಗದವನು. ಜರ್ಮನಿಗೆ ಬಂದು ಆರು ವರ್ಷ ಆಯಿತು. ಮನೆ ಹತ್ತಿರದ ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಗಾಯನ ತಂಡದಲ್ಲಿ, ಬೇಸ್ (ಗಂಡಸರ ಕೆಳದನಿ) ಹಾಡುತ್ತೇನೆ. ಈ ಸಲ ಗುಡ್ ಫ್ರೈಡೆಗೆ 18ನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್‌ನ 'ಮತ್ತಾಯನ ಪ್ಯಾಶನ್' ಹಿಡಿದಿದ್ದೇವೆ. ಪ್ಯಾಶನ್ ಅಂದರೆ ಯೇಸುವಿನ ಯಾತನೆ, ಸಾವಿನ ಕಥೆಯನ್ನು ಹಾಡುವ ಕೃತಿ. ಯೇಸುವಿನ ಜೀವನ ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮತ್ತಾಯನ ಸುವಾರ್ತೆಯ 26 ಮತ್ತು 27ನೇ ಅಧ್ಯಾಯವನ್ನು ಪೂರ್ತಿ ಹಾಡುವುದು, ನಡುನಡುವೆ ಬೇರೆ ಪದ್ಯಗಳು. ಎರಡೂವರೆ ಗಂಟೆಗೂ ಜಾಸ್ತಿ ಆಗುತ್ತದೆ.

ಹೋದ ವಾರ ಮೊದಲ ಸಲ ಸೋಲೊ ಹಾಡುವವರೂ ಬಂದಿದ್ದರು. ದುಡ್ಡು ತಗೊಂಡು ಯೇಸುವನ್ನು ಹಿಡಿಸಿದ ಶಿಷ್ಯ ಯೂದನಿಗೆ ಪಶ್ಚಾತ್ತಾಪ ಆಗುತ್ತದೆ. 30 ಬೆಳ್ಳಿ ನಾಣ್ಯ ದೇವಾಲಯದಲ್ಲಿ ಎಸೆದು ಹೋಗಿ ನೇಣು ಹಾಕಿಕೊಳ್ಳುತ್ತಾನೆ. ಇದು ರಕ್ತದ ದುಡ್ಡು, ಕಾಣಿಕೆ ಪೆಟ್ಟಿಗೆಗೆ ಹಾಕುವ ಹಾಗಿಲ್ಲ ಅಂತ ಇಬ್ಬರು ಪುರೋಹಿತರು ಹಾಡುತ್ತಾರೆ. ಅಲ್ಲಿಂದ ಮುಂದೆ ಕತ್ತಲು ಕವಿದಂಥ ಏನೋ ಬರುತ್ತದೆ ಅಂತ ಕಾದಿದ್ದೆ. ಬಂದದ್ದು ಜಿ ಮೇಜರ್, ಹಿಗ್ಗಿನ ಛಾಯೆಯ ಸ್ವರಶ್ರೇಣಿ! ಒಂದು ಪಿಟೀಲು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡುತ್ತದೆ. ಮದುವೆ ಮನೆಯಲ್ಲಿ ನುಡಿಸಿದರೂ ಒಪ್ಪುವಂಥ ಹುರುಪು. ಅದರ ಮೇಲೆ ಬೇಸ್ ದನಿ ಹಾಡುವ ಮಾತು ಇಷ್ಟೇ: ನನ್ನ ಯೇಸುವನ್ನು ನನಗೆ ವಾಪಸ್ ಕೊಡಿ. ನೋಡಿ, ಕೊಲೆಯ ಕೂಲಿಯನ್ನು ತಪ್ಪಿಹೋದ ಮಗ ನಿಮ್ಮ ಕಾಲಡಿಗೆ ಎಸೆಯುತ್ತಿದ್ದಾನೆ.

ನನಗೆ ಅರ್ಥ ಆಗಲಿಲ್ಲ. ಎರಡು ಸಾವಿರ ವರ್ಷದಿಂದ ಲೋಕವೆಲ್ಲ ಬೈದವನು ಅವನು. ಅವನ ಸಾವಿನ ಪಕ್ಕದಲ್ಲೇ ಇಂಥ ಹಾಡು ಯಾಕೆ ಇಟ್ಟ?

ಸುಮ್ನೆ_ಓದುಗ
ಈಗಷ್ಟೇ ಹುಡುಕಿ ಕೇಳಿದೆ. ಮೂರು ಸಲ ಕೇಳಿದೆ. ನಿಮ್ಮ ಪ್ರಶ್ನೆ ಸರಿಯಾಗಿದೆ.

ಗ್ರಾಮಫೋನ್
ಮೊದಲು ಒಂದು ತಿದ್ದುಪಡಿ. ಈ ಹಾಡನ್ನು ಹಾಡುವುದು ಯೂದ ಅಲ್ಲ. ಯೂದನಿಗೆ ಆ ಕೃತಿಯಲ್ಲಿ ಇರುವುದು ನಾಲ್ಕೈದು ಪುಟ್ಟ ಸಾಲು ಮಾತ್ರ. ಎಲ್ಲವೂ ಸುವಾರ್ತೆಯಲ್ಲಿ ಇರುವ ಅವನ ಮಾತುಗಳೇ. ಆಮೇಲೆ ಬರುವ ಹಾಡು ಯಾರೋ ನೋಡುತ್ತಾ ನಿಂತವರದ್ದು. 'ಎಸೆಯುತ್ತಿದ್ದೇನೆ' ಅಲ್ಲ, 'ಎಸೆಯುತ್ತಿದ್ದಾನೆ' ಅಂತ ಇದೆ ನೋಡಿ. ಇಂಥ ಪದ್ಯಗಳನ್ನೆಲ್ಲ ಬರೆದುಕೊಟ್ಟವನು ಪಿಕಾಂಡರ್ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಕವಿ. ಮೊದಲು ಹಾಡಿದ್ದು 1727ರಲ್ಲಿ, ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನಲ್ಲಿ. 1729 ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತದೆ, ಅದನ್ನು ಆಮೇಲೆ ತಿದ್ದಿದರು.

ಪಿಟೀಲಿನ ಓಟದ ಬಗ್ಗೆ: ನಾಣ್ಯ ಕಲ್ಲುನೆಲದ ಮೇಲೆ ಬಿದ್ದು ಚೆಲ್ಲಾಪಿಲ್ಲಿ ಆಗುವ ಸದ್ದು ಅದು ಅಂತ ತುಂಬ ಜನ ಕೇಳಿಸಿಕೊಂಡಿದ್ದಾರೆ. ನನಗೂ ಹಾಗೇ ಕೇಳಿಸುತ್ತದೆ.

ಕೆಳದನಿ
ಓ, ಧನ್ಯವಾದ ಗ್ರಾಮಫೋನ್ ಸರ್. ಹಾಗಾದರೆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಪಕ್ಕದಲ್ಲಿ ನಿಂತವನು ಯೂದನನ್ನು ನೋಡಿ 'ದ್ರೋಹಿ' ಅನ್ನದೆ 'ತಪ್ಪಿಹೋದ ಮಗ' ಅನ್ನುತ್ತಾನೆ!

ಮಲ್ಲಿಗೆಬಳ್ಳಿ
ಅದೇ ಈ ಹಾಡಿನ ಗುಟ್ಟು. ನಾನು ಗದಗ ಕಡೆಯ ಸಭಾಪಾಲಕರ ಮಗಳು, ಭಾನುವಾರದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಲೂಕನ 15ನೇ ಅಧ್ಯಾಯದ ಕಥೆಗೆ ನಾವೆಲ್ಲ ಹೇಳುವ ಹೆಸರೇ 'ತಪ್ಪಿಹೋದ ಮಗ'. ಅಪ್ಪನ ಆಸ್ತಿಯಲ್ಲಿ ಪಾಲು ತಗೊಂಡು ಹೋಗಿ ಹಾಳು ಮಾಡಿ, ಕೊನೆಗೆ ಹಂದಿ ಕಾಯುವ ಕೆಲಸಕ್ಕೆ ಇಳಿದ ಹುಡುಗ. ಅವನು ಇನ್ನೂ ದೂರ ಇರುವಾಗಲೇ ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಜರ್ಮನ್ನರಿಗೂ ಆ ಮಾತು ಕೇಳಿದರೆ ಅದೇ ಕಥೆ ನೆನಪಾಗುತ್ತದೆ.

ಆದರೆ ಒಂದು ಎಚ್ಚರಿಕೆ ಇರಲಿ. ಯೋಹಾನನ 17ನೇ ಅಧ್ಯಾಯದಲ್ಲಿ ಯೇಸು ಯೂದನನ್ನು ಕುರಿತು 'ನಾಶಕ್ಕೆ ಗುರಿಯಾದವನು' ಎಂಬ ಅರ್ಥದ ಮಾತು ಆಡುತ್ತಾನೆ. 16ನೇ ಶತಮಾನದ ಧರ್ಮಸುಧಾರಕ ಲೂಥರ್ ತನ್ನ ಜರ್ಮನ್ ಬೈಬಲ್ಲಿನಲ್ಲಿ ಅಲ್ಲಿ ಹಾಕಿದ್ದೂ 'ಕಳೆದುಹೋದ ಮಗು' ಅಂತಲೇ. ಹಾಗಾಗಿ ಪಿಕಾಂಡರ್‌ನ ಒಂದೇ ಮಾತಿನಲ್ಲಿ ಎರಡು ಬಾಗಿಲು ಇವೆ. ಒಂದು ಮನೆ ಕಡೆಗೆ, ಇನ್ನೊಂದು ನಾಶದ ಕಡೆಗೆ. ಬಾಖ್ ಸುಮ್ನೆ ಕ್ಷಮಿಸಿಬಿಟ್ಟ ಅಂತ ಅವಸರದಲ್ಲಿ ಹೇಳಬೇಡಿ.

ಗ್ರಾಮಫೋನ್
ಮಲ್ಲಿಗೆಬಳ್ಳಿ ಮೇಡಂ, ಮಾತಿನಲ್ಲಿ ಎರಡು ಬಾಗಿಲು ಇದೆ, ಒಪ್ಪಿದೆ. ರಾಗ ಯಾವ ಬಾಗಿಲಲ್ಲಿ ನಿಂತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲವೇ? ನಾಶದ ಕಡೆ ತೋರಿಸಬೇಕಿದ್ದರೆ ಬಾಖ್‌ಗೆ ಬರುತ್ತಿರಲಿಲ್ಲ ಅಂತೇನಲ್ಲ. ಯೇಸುವನ್ನು ಹಿಡಿದಾಗ ಎರಡೂ ಕ್ವಾಯರ್ ಸೇರಿ ಗುಡುಗು ಮಿಂಚುಗಳನ್ನು ಕರೆಯುತ್ತವೆ. ನರಕವೇ ಬಾಯಿ ತೆರೆದು ಆ ದ್ರೋಹಿಯನ್ನು ನುಂಗು ಅಂತ ಕೂಗುತ್ತವೆ. ಅಲ್ಲಿ ಶಾಪ ಇದೆ. ದುಡ್ಡು ಎಸೆದ ಮೇಲೆ ಶಾಪ ಇಲ್ಲ.

ಕಡಲತಡಿ
ನಮ್ಮ ಕಡೆಯ ಒಂದು ಅನುಭವ ಹೇಳ್ತೇನೆ. ನಾನು ಮಂಗಳೂರು ಕಡೆಯ ಕಥೋಲಿಕ. ಗರಿಗಳ ಭಾನುವಾರ ಪೂಜೆಯಲ್ಲಿ ಯೇಸುವಿನ ಯಾತನೆಯ ಕಥೆಯನ್ನು ಮೂರು ಜನ ಓದುವುದು ಪದ್ಧತಿ. ಒಬ್ಬರು ನಿರೂಪಕ. ಯೇಸುವಿನ ಮಾತು ಗುರುಗಳದ್ದು. ಉಳಿದ ಎಲ್ಲರ ಮಾತು ಮೂರನೆಯವರದ್ದು. ಆ ಮೂರನೆಯವನು ನಾನು.

ಮತ್ತಾಯನ ಪಾಠ ಬರುವುದು ಮೂರು ವರ್ಷಕ್ಕೊಮ್ಮೆ. ಯೂದ ದುಡ್ಡು ಎಸೆಯುವುದು ಅದರಲ್ಲಿ ಮಾತ್ರ ಬರುತ್ತದೆ. ಮಾರ್ಕನಲ್ಲಿ, ಲೂಕನಲ್ಲಿ, ಯೊವಾನ್ನನಲ್ಲಿ (ನೀವು ಯೋಹಾನ ಅನ್ನುವುದು ಅವರನ್ನೇ) ಆ ಪ್ರಸಂಗವೇ ಇಲ್ಲ ಮಾರಾಯ್ರೆ. ಮೊದಲ ಸಲ ಓದುವಾಗ, ಯೇಸುವಿನ ಶಿಷ್ಯ ಪೇತ್ರ ಹೆದರಿ ತನ್ನ ಗುರುವನ್ನೇ ಗೊತ್ತಿಲ್ಲ ಅನ್ನುವ ಮಾತು ಬಂತು, 'ಆ ಮನುಷ್ಯ ಯಾರೋ ನಾನರಿಯೆ' ಅಂತ. ಓದಿದೆ. ಕೋಳಿ ಕೂಗಿತು, ಪೇತ್ರ ಅತ್ತ. ಒಂದೆರಡು ವಾಕ್ಯ ಆಗುವಷ್ಟರಲ್ಲಿ ಯೂದನ ಮಾತು, 'ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿ ಪಾಪ ಕಟ್ಟಿಕೊಂಡೆ' ಅಂತ. ಅದನ್ನೂ ನಾನೇ ಓದಬೇಕು. ಅದೇ ಬಾಯಿ, ಅದೇ ಮೈಕು. ನನ್ನ ದನಿ ಅಲ್ಲಿ ನಡುಗಿತು. ಪೂಜೆ ಆದ ಮೇಲೆ ಅಮ್ಮ ಕೇಳಿದರು, "ನೆಗಡಿ ಆಗಿದೆಯಾ?" ಅಂತ.

ಇಬ್ಬರೂ ಅದೇ ರಾತ್ರಿ ಕೈಬಿಟ್ಟವರು, ಇಬ್ಬರಿಗೂ ಅಳು ಬಂತು. ಒಬ್ಬರ ಹೆಸರಲ್ಲಿ ರೋಮ್‌ನಲ್ಲಿ ಅಷ್ಟು ದೊಡ್ಡ ದೇವಾಲಯ. ಇನ್ನೊಬ್ಬರ ಹೆಸರನ್ನು ಮಗುವಿಗೆ ಇಡುವವರೂ ಇಲ್ಲ.

ಗ್ರಾಮಫೋನ್
ಕಡಲತಡಿಯವರೇ, ನೀವು ಬಾಯಲ್ಲಿ ಕಂಡುಕೊಂಡದ್ದನ್ನು ಬಾಖ್ ಪಿಟೀಲಲ್ಲಿ ಬರೆದಿದ್ದಾನೆ. ನಿಮಗೆ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಈಗಲೇ ಕೇಳಿ. ಪೇತ್ರ ಅತ್ತ ಮೇಲೆ ಒಂದು ಹಾಡು ಬರುತ್ತದೆ, 'ಕರುಣಿಸು ದೇವರೇ, ನನ್ನ ಕಣ್ಣೀರಿನ ಸಲುವಾಗಿ' ಅಂತ. ದುಃಖದ ಛಾಯೆಯ ಬಿ ಮೈನರ್, ತುಂಬ ನಿಧಾನ, ಜೊತೆಗೆ ಒಂಟಿ ಪಿಟೀಲು. ಅದಾಗಿ ಕೆಲವೇ ನಿಮಿಷಕ್ಕೆ ಯೂದನ ನಂತರದ ಹಾಡು. ಅಲ್ಲೂ ಒಂಟಿ ಪಿಟೀಲು. ಈ ಕೃತಿಯಲ್ಲಿ ಎರಡು ಕ್ವಾಯರ್, ಎರಡು ವಾದ್ಯಮೇಳ ಎದುರುಬದುರು ಇರುತ್ತವೆ ಅಲ್ವಾ? ಪೇತ್ರನದು ಮೊದಲ ಮೇಳದ ಪಿಟೀಲು, ಯೂದನದು ಎರಡನೇ ಮೇಳದ್ದು. ಕೈಬಿಟ್ಟ ಇಬ್ಬರಿಗೂ ಒಂದೊಂದು ಪಿಟೀಲು. ಬಾಖ್ ಇಬ್ಬರನ್ನೂ ಜೋಡಿ ಮಾಡಿ ಕೂರಿಸಿದ್ದಾನೆ ಅಂತಲೇ ನಾನು ಓದುವುದು.

ಕೆಳದನಿ
ನಾನು ಎರಡನೇ ಕ್ವಾಯರ್‌ನಲ್ಲೇ ನಿಲ್ಲುವುದು. ಆ ಪಿಟೀಲು ನುಡಿಸುವವರು ನನ್ನಿಂದ ಎರಡು ಮಾರು ದೂರ. ಇಷ್ಟು ದಿನ ಇದು ಹೊಳೆದಿರಲಿಲ್ಲ.

ಹಳೆ_ಓಲೆ
ಸಂಗೀತ ನನ್ನ ಕ್ಷೇತ್ರ ಅಲ್ಲ. ಆದರೆ ಯೂದನನ್ನು ಬೇರೆ ಕಣ್ಣಲ್ಲಿ ನೋಡಿದ್ದು ಬಾಖ್‌ಗಿಂತ ಒಂದೂವರೆ ಸಾವಿರ ವರ್ಷ ಹಿಂದೆಯೇ ಶುರುವಾಗಿತ್ತು. 'ಯೂದನ ಸುವಾರ್ತೆ' ಅಂತಲೇ ಒಂದು ಗ್ರಂಥ ಇದೆ.

ಸುಮಾರು ಕ್ರಿ.ಶ. 180ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್ ಊರಿನ ಬಿಷಪ್ ಐರೇನಿಯಸ್ ಅದನ್ನು ಹೆಸರಿಸಿ ಬೈದಿದ್ದಾನೆ. ಯೂದ ಒಬ್ಬನಿಗೇ ಸತ್ಯ ಗೊತ್ತಿತ್ತು, ಅದಕ್ಕೇ ಅವನು ಹಿಡಿದುಕೊಡುವ ಆ ರಹಸ್ಯ ಕೆಲಸ ಮುಗಿಸಿದ ಅಂತ ಕೆಲವರು ಹೇಳುತ್ತಾರೆ ಅಂತ ಬರೆದ. ಬೈಗುಳ ಉಳಿಯಿತು, ಗ್ರಂಥ ಕಳೆದುಹೋಯಿತು.

ಆಮೇಲೆ 1970ರ ದಶಕದಲ್ಲಿ ಈಜಿಪ್ಟಿನ ಮಿನ್ಯಾ ಪ್ರಾಂತ್ಯದ ಕಡೆ ಪಪೈರಸ್ ಹಾಳೆಗಳ ಒಂದು ಕಟ್ಟು ಸಿಕ್ಕಿತು. ಈಜಿಪ್ಟಿನ ಹಳೆಯ ಕ್ರೈಸ್ತರ ಕಾಪ್ಟಿಕ್ ಭಾಷೆ. ವ್ಯಾಪಾರಿಗಳ ಕೈಯಿಂದ ಕೈಗೆ ಹೋಯಿತು. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡಿನ ಒಂದು ಬ್ಯಾಂಕ್ ಲಾಕರಿನಲ್ಲಿ 16 ವರ್ಷ ಕೊಳೆಯಿತು. ಒಬ್ಬ ವ್ಯಾಪಾರಿ ಅದನ್ನು ಫ್ರೀಜರಿನಲ್ಲೂ ಇಟ್ಟ. ಪಪೈರಸ್ ಅಂದರೆ ಜೊಂಡಿನ ದಂಟಿನ ಸೀಳುಗಳನ್ನು ಒತ್ತಿ ಮಾಡಿದ ಹಾಳೆ. ತೇವ ಹೆಪ್ಪುಗಟ್ಟಿ ಕರಗಿದರೆ ನಾರು ಬಿಟ್ಟುಕೊಳ್ಳುತ್ತದೆ. ಕೊನೆಗೆ ಸ್ವಿಟ್ಜರ್ಲೆಂಡಿಗೆ ಬಂದಾಗ ಅದು ಚೂರುಚೂರು. ರೊಡೋಲ್ಫ್ ಕಾಸ್ಸೆರ್ ಎಂಬ ಕಾಪ್ಟಿಕ್ ವಿದ್ವಾಂಸರೂ ಜೊತೆಯವರೂ ವರ್ಷಗಟ್ಟಲೆ ಕೂತು ಆ ಚೂರುಗಳನ್ನು ಜೋಡಿಸಿದರು. ಹಾಳೆಗಳ ವಯಸ್ಸನ್ನು ಕಾರ್ಬನ್ ಪರೀಕ್ಷೆಯಲ್ಲಿ ಕ್ರಿ.ಶ. 220ರಿಂದ 340ರ ನಡುವೆ ಅಂತ ಕಂಡರು. 2006ರ ಏಪ್ರಿಲಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅದನ್ನು ಲೋಕಕ್ಕೆ ತೋರಿಸಿತು.

ಅದರಲ್ಲಿ ಯೇಸು ನಗುತ್ತಾನೆ. ಶಿಷ್ಯರು ರೊಟ್ಟಿ ಹಿಡಿದು ಪ್ರಾರ್ಥನೆ ಮಾಡುವಾಗ ನಗುತ್ತಾನೆ. ಶಿಷ್ಯರಿಗೆ ಸಿಟ್ಟು ಬರುತ್ತದೆ. ಯೇಸು ಎಲ್ಲಿಂದ ಬಂದವನು ಅಂತ ಹೇಳಬಲ್ಲವನು ಯೂದ ಒಬ್ಬನೇ. ಕೊನೆಗೆ ಯೇಸು ಅವನಿಗೆ ಹೇಳುವುದು: ನೀನು ಅವರೆಲ್ಲರನ್ನೂ ಮೀರುತ್ತೀಯ, ಯಾಕೆಂದರೆ ನನ್ನನ್ನು ಹೊತ್ತಿರುವ ಈ ಮನುಷ್ಯನನ್ನು (ಅಂದರೆ ಈ ದೇಹವನ್ನು) ನೀನು ಬಲಿ ಕೊಡುತ್ತೀಯ. ಯೂದ ದುಡ್ಡು ತಗೊಂಡು ಅವನನ್ನು ಒಪ್ಪಿಸಿದ ಅನ್ನುವಲ್ಲಿಗೆ ಗ್ರಂಥ ಮುಗಿಯುತ್ತದೆ. ಶಿಲುಬೆ ಇಲ್ಲ, ಪುನರುತ್ಥಾನ ಇಲ್ಲ.

ತುಂಗೆತೀರ
ಅಬ್ಬಾ, ಹಾಗಾದರೆ ಯೂದನೇ ನಿಜವಾದ ಶಿಷ್ಯ! ನಮ್ಮ ಜಯ ವಿಜಯರ ಕಥೆ ಇದ್ದ ಹಾಗೆ ಇದೆ. ವೈಕುಂಠದ ಬಾಗಿಲು ಕಾಯುವವರು ಶಾಪದಿಂದ ಹಿರಣ್ಯಕಶಿಪು, ರಾವಣ ಅಂತೆಲ್ಲ ಹುಟ್ಟಿ, ವೈರ ಮಾಡಿಯೇ ಬೇಗ ಸ್ವಾಮಿಯ ಹತ್ತಿರ ಹೋದರಲ್ಲ. ವೈರವೂ ಭಕ್ತಿಯೇ.

ಮಲ್ಲಿಗೆಬಳ್ಳಿ
ಇಲ್ಲ, ಈ ಹೋಲಿಕೆ ಒಪ್ಪಲಾರೆ. ಜಯ ವಿಜಯರು ಎದುರು ನಿಂತು ವೈರ ಮಾಡಿದವರು. ಯೂದ ಒಂದೇ ಬಟ್ಟಲಲ್ಲಿ ರೊಟ್ಟಿ ಅದ್ದಿ ತಿಂದವನು, ಮುತ್ತಿಟ್ಟು ತೋರಿಸಿಕೊಟ್ಟವನು. ನೋವು ಇರುವುದೇ ಅಲ್ಲಿ. ಅದನ್ನು ದೇವರ ನಾಟಕ ಅಂತ ಮಾಡಿಬಿಟ್ಟರೆ ಆ ಮುತ್ತಿಗೆ ಅರ್ಥವೇ ಇರುವುದಿಲ್ಲ.

ತುಂಗೆತೀರ
ಆದರೆ ಮೇಡಂ, ಅವನು ಹಿಡಿದುಕೊಡದೆ ಇದ್ದಿದ್ದರೆ ಶಿಲುಬೆಯೇ ಇರುತ್ತಿರಲಿಲ್ಲ. ಶಿಲುಬೆ ಇಲ್ಲದೆ ನಿಮ್ಮ ಧರ್ಮದಲ್ಲಿ ರಕ್ಷಣೆಯೇ ಇಲ್ಲ ಅಲ್ವಾ? ಆಗಲೇಬೇಕಾದ ಕೆಲಸ ಮಾಡಿದವನಿಗೆ ಶಿಕ್ಷೆ ಯಾಕೆ?

ಮಲ್ಲಿಗೆಬಳ್ಳಿ
ಈ ಪ್ರಶ್ನೆಯನ್ನು ನನ್ನ ಭಾನುವಾರದ ಶಾಲೆಯ ಮಕ್ಕಳೂ ಕೇಳುತ್ತಾರೆ. ನಾನು ತಪ್ಪಿಸಿಕೊಳ್ಳುವುದಿಲ್ಲ. ಮಾರ್ಕನ 14ನೇ ಅಧ್ಯಾಯ ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳುತ್ತದೆ. ಬರೆದಿರುವ ಪ್ರಕಾರ ಮನುಷ್ಯಕುಮಾರ (ಅಂದರೆ ಯೇಸು) ಹೊರಟುಹೋಗುತ್ತಾನೆ, ಆದರೆ ಹಿಡಿದುಕೊಡುವವನ ಗತಿ ಏನು ಹೇಳಲಿ, ಅವನು ಹುಟ್ಟದೆ ಇದ್ದಿದ್ದರೆ ಒಳ್ಳೆಯದಿತ್ತು ಅಂತ. ಎರಡೂ ಅಲ್ಲೇ ಇದೆ, ಬಿಡಿಸಿ ಹೇಳಿಲ್ಲ.

ಒಂದು ಮಾತಿನ ವಿಷಯ ಹೇಳುತ್ತೇನೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಯೂದ ಮಾಡಿದ ಕೆಲಸಕ್ಕೆ ಹೆಚ್ಚಾಗಿ ಇರುವ ಮಾತು 'ಹಿಡುಕೊಟ್ಟ'. ಅಂದರೆ ಹಿಡಿದುಕೊಟ್ಟ. ಅಜ್ಜಿ ಓದುವಾಗ ಆ ಮಾತು ಕಿವಿಗೆ ಹಾಗೇ ಕೂತಿದೆ. ಇಂಗ್ಲಿಷಿನವರು 'ದ್ರೋಹ ಬಗೆದ' ಅಂತ ಮಾಡಿಕೊಂಡರು. ಗ್ರೀಕ್ ಮೂಲದಲ್ಲಿ 'ಪರದಿದೋಮಿ', ಕೈಗೆ ಒಪ್ಪಿಸುವುದು ಅಂತ ಅಷ್ಟೇ. ನಮ್ಮ ಕನ್ನಡದವರು ಮೂಲಕ್ಕೆ ಹತ್ತಿರ ನಿಂತರು. ಮೊದಲ ಕಾಲದ ಧರ್ಮಪ್ರಚಾರಕ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ದೇವರು ತನ್ನ ಸ್ವಂತ ಮಗನನ್ನೇ ನಮಗೋಸ್ಕರ ಒಪ್ಪಿಸಿಕೊಟ್ಟ ಅನ್ನುವಲ್ಲೂ ಗ್ರೀಕಿನಲ್ಲಿ ಇದೇ ಮಾತು. ಅಪ್ಪನೂ ಒಪ್ಪಿಸಿದ, ಯೂದನೂ ಒಪ್ಪಿಸಿದ. ಒಂದೇ ಕ್ರಿಯಾಪದ.

ಪುಸ್ತಕದ_ಹುಳು
ಚೆನ್ನಾಗಿ ಹೇಳಿದಿರಿ. ಆದರೆ ಪೂರ್ತಿ ಹಾಗಲ್ಲ. ಲೂಕನ 6ನೇ ಅಧ್ಯಾಯದಲ್ಲಿ ಹನ್ನೆರಡು ಶಿಷ್ಯರ ಪಟ್ಟಿ ಕೊಡುವಾಗ 'ಪ್ರೊದೋತೆಸ್' ಅನ್ನುವ ಮಾತು ಇದೆ. ಅದು ನೇರವಾಗಿ ದ್ರೋಹಿ ಅಂತಲೇ.

ಮಲ್ಲಿಗೆಬಳ್ಳಿ
ಹೌದು. ಅದೊಂದು ಕಡೆ ಹಾಗೆ ಇದೆ. ಒಪ್ಪಿದೆ.

ಪುಸ್ತಕದ_ಹುಳು
ಇನ್ನೊಂದು ನೋಡಿ. ಪೌಲನ ಪತ್ರಗಳು ಸುವಾರ್ತೆಗಳಿಗಿಂತ ಹಳೆಯವು. ಅದರಲ್ಲಿ ಯೂದನ ಹೆಸರೇ ಇಲ್ಲ. 'ಆತನು ಹಿಡಿದುಕೊಡಲ್ಪಟ್ಟ ರಾತ್ರಿ' ಅಂತ ಇದೆ, ಯಾರು ಅಂತ ಇಲ್ಲ. ಆಮೇಲೆ ಮಾರ್ಕ ಹೆಸರು ಹೇಳುತ್ತಾನೆ, ಕಾರಣ ಬಿಡಿಸಿ ಹೇಳುವುದಿಲ್ಲ. ಮತ್ತಾಯನಲ್ಲಿ ದುಡ್ಡಿನ ಮೊತ್ತ ಬರುತ್ತದೆ. ಲೂಕನಲ್ಲಿ ಸೈತಾನ ಒಳಹೊಕ್ಕ. ಯೋಹಾನನಲ್ಲಿ ಅವನು ಹಣದ ಚೀಲದಿಂದ ಕದಿಯುತ್ತಿದ್ದ ಕಳ್ಳ. ಎರಡನೇ ಶತಮಾನದ ಮೊದಲ ಭಾಗದಲ್ಲಿ ಹಿಯರಾಪೊಲಿಸ್‌ನ ಪಾಪಿಯಸ್ ಬರೆದದ್ದಂತೂ ಇನ್ನೂ ಮುಂದೆ ಹೋಗುತ್ತದೆ. ಯೂದನ ಮೈ ಊದಿಕೊಂಡು, ಗಾಡಿ ಸುಲಭವಾಗಿ ಹೋಗುವ ದಾರಿಯಲ್ಲೂ ಅವನು ತೂರಲಾಗುತ್ತಿರಲಿಲ್ಲವಂತೆ. ಸಾವು ಕೂಡ ಒಂದೊಂದು ಕಡೆ ಒಂದೊಂದು ರೀತಿ. ಮತ್ತಾಯನಲ್ಲಿ ನೇಣು. ಬೈಬಲ್ಲಿನ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳಲ್ಲಿ ಮುಂದಕ್ಕೆ ಬಿದ್ದು ಹೊಟ್ಟೆ ಒಡೆಯಿತು.

ಕಾಲ ಕಳೆದ ಹಾಗೆ ಬೈಗುಳ ಬೆಳೆದಿದೆ. ಹಾಗಾಗಿ ಬೇರೆ ಕಣ್ಣಲ್ಲಿ ನೋಡುವುದು ಇವತ್ತಿನವರ ಹುಚ್ಚು ಅಂತ ಯಾರೂ ಹೇಳಬೇಡಿ. ಬೈದವರೂ ತಮ್ಮದೇ ಕಣ್ಣಲ್ಲಿ ನೋಡಿದವರೇ.

ಹಳೆ_ಓಲೆ
ತುಂಗೆತೀರ ಅವರಿಗೆ: 'ಯೂದನೇ ನಿಜವಾದ ಶಿಷ್ಯ' ಅಂತ 2006ರಲ್ಲಿ ಪತ್ರಿಕೆಗಳೂ ಬರೆದವು. ಮರುವರ್ಷವೇ ಏಪ್ರಿಲ್ ಡಿಕಾನಿಕ್ ಅನ್ನುವ ವಿದ್ವಾಂಸೆ ಜೋರಾಗಿ ವಿರೋಧಿಸಿದರು. ಗ್ರಂಥದಲ್ಲಿ ಯೇಸು ಯೂದನನ್ನು 'ಹದಿಮೂರನೆಯ ದೈಮೋನ್' ಅಂತ ಕರೆಯುತ್ತಾನೆ. ಮೊದಲ ಅನುವಾದ ಅದನ್ನು 'ಆತ್ಮ' ಅಂತ ಮಾಡಿತು. ಆ ಕಾಲದ ಇಂಥ ಬರವಣಿಗೆಯಲ್ಲಿ ಅದಕ್ಕೆ ದೆವ್ವ ಅಂತಲೇ ಅರ್ಥ ಅನ್ನುವುದು ಅವರ ವಾದ. ಇನ್ನೊಂದು ಕಡೆ 'ಪವಿತ್ರ ಪೀಳಿಗೆಗಾಗಿ ನಿನ್ನನ್ನು ಬೇರೆ ಇಟ್ಟಿದೆ' ಅಂತ ಇದ್ದದ್ದನ್ನು 'ಪೀಳಿಗೆಯಿಂದ ನಿನ್ನನ್ನು ಬೇರೆ ಮಾಡಿದೆ' ಅಂತ ಓದಬೇಕು ಅಂದರು. ಒಂದು ಪುಟ್ಟ ಪ್ರತ್ಯಯ ಬದಲಾದರೆ ಭಕ್ತ ಹೋಗಿ ದೆವ್ವ ಆಗುತ್ತಾನೆ! ವಿದ್ವಾಂಸರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ.

ನನಗೆ ಅನ್ನಿಸುವುದು, ಆ ಗ್ರಂಥಕ್ಕೆ ಯೂದನಿಗಿಂತ ಉಳಿದ ಹನ್ನೊಂದು ಜನರ ಮೇಲೆ ಸಿಟ್ಟು ಜಾಸ್ತಿ. ಆಗಿನ ಬಿಷಪ್‌ಗಳನ್ನು ಬೈಯಲು ಅವರ ಗುರುಗಳನ್ನು ಬೈದಿದೆ. ಮತ್ತೆ ಇದನ್ನು ಬರೆದದ್ದು ಎರಡನೇ ಶತಮಾನದಲ್ಲಿ. ನಿಜವಾದ ಯೂದನ ಬಗ್ಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವನ ಕಥೆ ಆಗಲೇ ಎಷ್ಟು ಜನರನ್ನು ಕಾಡುತ್ತಿತ್ತು ಅನ್ನುವುದು ತಿಳಿಯುತ್ತದೆ.

ತುಂಗೆತೀರ
ಸರಿ, ಅವಸರ ಮಾಡಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ.

ರೇಡಿಯೊ_ಕಿವಿ
ತುಂಗೆತೀರ ಕೇಳಿದ ಪ್ರಶ್ನೆಯನ್ನೇ 1964ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಒಂದು ಹಾಡಿನಲ್ಲಿ ಕೇಳಿದ್ದಾನೆ. ಯೂದನ ಕಡೆ ದೇವರು ಇದ್ದನೋ ಇಲ್ಲವೋ ನೀವೇ ತೀರ್ಮಾನ ಮಾಡಿ ಅಂತ. ಆ ಸಾಲು ಟಿಮ್ ರೈಸ್ ಎಂಬ ಹಾಡು ಬರೆಯುವವರ ತಲೆಯಲ್ಲಿ ಕೂತಿತು. ಅದರಿಂದ ಬಂದದ್ದು 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್'. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬರ್. 1970ರಲ್ಲಿ ಮೊದಲು ಎರಡು ತಟ್ಟೆಯ ಆಲ್ಬಂ ಬಂತು, ಮರುವರ್ಷ ನಾಟಕ, 1973ರಲ್ಲಿ ಸಿನಿಮಾ.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಆ ತಟ್ಟೆಗಳು ಇದ್ದವು. ಮೊದಲು ಹಾಡುವುದು ಯೇಸು ಅಲ್ಲ, ಯೂದ. ಗಿಟಾರಿನ ಒಂದು ಎಳೆ ಪದೇ ಪದೇ ಬರುತ್ತದೆ, ಅದರ ಮೇಲೆ ಅವನ ದನಿ. ಅವನಿಗೆ ದುಡ್ಡಿನ ಆಸೆ ಇಲ್ಲ. ಅವನಿಗೆ ಹೆದರಿಕೆ. ಜನ ಇವನನ್ನು ದೇವರು ಅನ್ನುತ್ತಿದ್ದಾರೆ, ರೋಮನ್ನರು ಸುಮ್ಮನಿರುವುದಿಲ್ಲ, ನಮ್ಮ ಜನವನ್ನೆಲ್ಲ ಅರೆದುಹಾಕುತ್ತಾರೆ ಅಂತ. ನನಗೆ ಹದಿನಾಲ್ಕು ವರ್ಷ. ಗೆಳೆಯನ ಮೇಲಿನ ಹೆದರಿಕೆಯಿಂದಲೂ ದ್ರೋಹ ಹುಟ್ಟಬಹುದು ಅಂತ ಅವತ್ತು ಗೊತ್ತಾಯಿತು. ಹಳೆ_ಓಲೆ ಹೇಳಿದ ಗ್ರಂಥದ ಹಾಗೆ ಇದರಲ್ಲೂ ಪುನರುತ್ಥಾನ ಇಲ್ಲ. ಅದಕ್ಕೆ ಚರ್ಚುಗಳವರು ಆಗ ಸಿಟ್ಟಾಗಿದ್ದರು.

ಡಿಲನ್ ಕಥೆ ಇನ್ನೂ ಇದೆ. ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಅಂತ ಹಳೆಯ ಅಭಿಮಾನಿಗಳಿಗೆ ಕೋಪ ಬಂದಿತ್ತು. 1966ರ ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ಸಭಿಕರ ನಡುವಿಂದ ಒಬ್ಬ "ಜೂಡಸ್!" ಅಂತ, ಅಂದರೆ ಯೂದ ಅಂತ ಕೂಗಿದ. ಅದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಯೂದನ ಪರವಾಗಿ ಪ್ರಶ್ನೆ ಕೇಳಿದವನಿಗೇ ಎರಡು ವರ್ಷದಲ್ಲಿ ಆ ಹೆಸರು ಬಿತ್ತು.

ಸುಮ್ನೆ_ಓದುಗ
ಲೇಡಿ ಗಾಗಾಳ 2011ರ 'ಜೂಡಸ್' ಹಾಡನ್ನು ಯಾರೂ ಹೇಳಲಿಲ್ಲ.

ರೇಡಿಯೊ_ಕಿವಿ
ಅದು ತಪ್ಪು ಮನುಷ್ಯನನ್ನು ಪ್ರೀತಿಸಿದವಳ ಹಾಡು. ಯೂದ ಅಲ್ಲಿ ಒಂದು ಹೆಸರು ಅಷ್ಟೇ. ಯೂ ಟೂ ತಂಡದ 1991ರ 'ಅಂಟಿಲ್ ದಿ ಎಂಡ್ ಆಫ್ ದಿ ವರ್ಲ್ಡ್' ಕೇಳಿ. ಅದರಲ್ಲಿ ಯೂದನೇ ಯೇಸುವಿನ ಜೊತೆ ಮಾತಾಡುತ್ತಾನೆ.

ವಾದ್ಯಪ್ರಿಯೆ
ಹ್ಯಾಂಡೆಲ್ ಕೂಡ ಯೂದನ ಮೇಲೆ ಒಂದು ದೊಡ್ಡ ಕೃತಿ ಬರೆದಿದ್ದಾನೆ, 1747ರಲ್ಲಿ ಹಾಡಿಸಿದ್ದು. ಅದನ್ನೂ ಸೇರಿಸಿ.

ಗ್ರಾಮಫೋನ್
ಅದು ಬೇರೆ ಯೂದ ಮೇಡಂ. ಮಕಾಬಿ ಯೂದ. ಕ್ರಿಸ್ತಪೂರ್ವ ಎರಡನೇ ಶತಮಾನದ ಯೆಹೂದಿ ವೀರ. ಇಂಗ್ಲೆಂಡಿನ ಎಲ್ಗರ್‌ನದು ಸೇರಿಸಬಹುದು. 1903ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾಡಿಸಿದ 'ದಿ ಅಪಾಸಲ್ಸ್'. ಅಲ್ಲಿ ಯೂದನ ಲೆಕ್ಕಾಚಾರ ಬೇರೆ. ಯೇಸುವನ್ನು ಹಿಡಿಸಿದರೆ ಆತ ತನ್ನ ಶಕ್ತಿ ತೋರಿಸಲೇಬೇಕಾಗುತ್ತದೆ, ದೇವರ ರಾಜ್ಯ ಬೇಗ ಬರುತ್ತದೆ ಅಂತ.

ಇದರ ಎದುರಿಗೆ ಹಳೆಯ ಚರ್ಚ್ ಸಂಗೀತ ಇಡಿ. ಪವಿತ್ರ ವಾರದ ಲ್ಯಾಟಿನ್ ಪ್ರಾರ್ಥನೆಯಲ್ಲಿ 'ಯೂದ, ಅತಿ ನೀಚ ವ್ಯಾಪಾರಿ' ಅಂತ ಶುರುವಾಗುವ ಒಂದು ಹಾಡು ಇದೆ. ಸ್ಪೇನಿನ ಸಂಗೀತಗಾರ ವಿಕ್ಟೋರಿಯ 1585ರಲ್ಲಿ, ಇಟಲಿಯ ಜೆಸುವಾಲ್ದೊ 1611ರಲ್ಲಿ ಅದಕ್ಕೆ ಸ್ವರ ಹಾಕಿ ಅಚ್ಚು ಮಾಡಿಸಿದರು. ಅಲ್ಲಿ ದಯೆ ಇಲ್ಲ.

ವಾದ್ಯಪ್ರಿಯೆ
ಓಹ್, ತಪ್ಪಾಯಿತು. ಯೂದ ಅಂತ ಎಷ್ಟು ಜನ!

ಕಡಲತಡಿ
ಆಗ ತುಂಬ ಸಾಮಾನ್ಯ ಹೆಸರು ಅದು. ಹನ್ನೆರಡು ಶಿಷ್ಯರಲ್ಲೇ ಇನ್ನೊಬ್ಬ ಯೂದ, ತದ್ದೇಯ. ನಾವು ಸಂತ ಜೂಡ್ ಅನ್ನುವುದು ಅವರನ್ನೇ. ಹೆಸರು ಕೇಳಿ ಹೆದರಿ ಜನ ಅವರ ಹತ್ತಿರ ಹೋಗುತ್ತಿರಲಿಲ್ಲ, ಎಲ್ಲ ಕೈಬಿಟ್ಟ ಮೇಲೆ ಕೊನೆಗೆ ಹೋಗುತ್ತಿದ್ದರು, ಅದಕ್ಕೇ ಕೈಮೀರಿದ ಸಂಕಟಕ್ಕೆ ಅವರು ಅಂತ ಹಿರಿಯರು ಹೇಳ್ತಾರೆ.

ಪುಸ್ತಕದ_ಹುಳು
ಹೆಸರಿನ ಮಾತು ಬಂದದ್ದಕ್ಕೆ ಒಂದು ಗಂಭೀರ ವಿಷಯ. ಯೂದ ಅಂದರೆ ಯೆಹೂದ ಕುಲದ ಹೆಸರು. ಹನ್ನೆರಡು ಶಿಷ್ಯರೂ ಯೆಹೂದಿಗಳೇ, ಯೇಸುವೂ. ಆದರೆ ಯುರೋಪಿನವರು ಈ ಒಬ್ಬನನ್ನು ಮಾತ್ರ ಯೆಹೂದಿ ಅಂತ ಕಂಡರು. ಚಿತ್ರಗಳಲ್ಲಿ ಅವನಿಗೆ ಕೆಂಪು ಕೂದಲು, ಹಳದಿ ಬಟ್ಟೆ, ಕೈಯಲ್ಲಿ ದುಡ್ಡಿನ ಚೀಲ. ಅವನ ಮೇಲಿನ ಸಿಟ್ಟನ್ನು ಬೀದಿಯಲ್ಲಿದ್ದ ಯೆಹೂದಿಗಳ ಮೇಲೆ ತೀರಿಸಿಕೊಂಡರು. ಕೆಳದನಿಯವರೇ, ನೀವು ಹಾಡುತ್ತಿರುವ ದೇಶದಲ್ಲಿ ಅದು ಎಲ್ಲಿಗೆ ಹೋಯಿತು ಅಂತ ಹೇಳಬೇಕಿಲ್ಲ. ಯೂದನನ್ನು ಮನುಷ್ಯನಾಗಿ ನೋಡುವುದು ಬರೀ ಸಾಹಿತ್ಯದ ವಿಷಯ ಅಲ್ಲ.

ಕೆಳದನಿ
ನಮ್ಮ ಕ್ವಾಯರ್‌ನಲ್ಲೂ ಈ ಮಾತು ಎದ್ದಿದೆ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಇದಕ್ಕೇ ಎರಡು ಪುಟ ಇಟ್ಟಿದ್ದಾರೆ.

ಮಳೆಗಾಲ
ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನನ್ನ ಚಿಕ್ಕಪ್ಪ ಅವರೇ ಪ್ರಾಣ ಕಳೆದುಕೊಂಡರು. ಸಾಲ ಇತ್ತು. ಅಣ್ಣನ, ಅಂದರೆ ನನ್ನ ಅಪ್ಪನ, ಹೆಸರಿನ ಪತ್ರ ಅಡ ಇಟ್ಟಿದ್ದರು, ಅದು ಅಪ್ಪನಿಗೆ ಗೊತ್ತಾದ ಮರುದಿನ. ನಮ್ಮದು ಕ್ರೈಸ್ತ ಕುಟುಂಬ. ಮನೆಗೆ ಪ್ರಾರ್ಥನೆಗೆ ಬಂದವರಲ್ಲಿ ಒಬ್ಬರು ಜಗಲಿಯಲ್ಲಿ ಕೂತು "ಯೂದನ ಸಾವು" ಅಂದರು. ಮೆಲ್ಲಗೇ ಅಂದರು. ಚಹಾ ಕೊಡಲು ಹೋಗಿದ್ದ ನನಗೆ ಕೇಳಿತು. ಲೋಟ ಅವರ ಕೈಗೆ ಕೊಟ್ಟೆ, ಒಳಗೆ ಬಂದೆ. ಹನ್ನೆರಡು ವರ್ಷ ಆಯಿತು.

ಅಪ್ಪ ಆಮೇಲೆ ಒಂದೇ ಮಾತು ಹೇಳುತ್ತಿದ್ದರು: "ಅವನು ಬಂದು ಕೇಳಿದ್ದರೆ ನಾನು ಬಿಟ್ಟುಕೊಡುತ್ತಿದ್ದೆ." ಕೆಳದನಿಯವರು ಹಾಕಿದ ಆ ಸಾಲು, 'ತಪ್ಪಿಹೋದ ಮಗ', ಓದಿದಾಗ ನನಗೆ ಜಗಲಿಯ ಆ ಮಾತು ನೆನಪಾಯಿತು. ಹೀಗೂ ಹೇಳಬಹುದಿತ್ತಲ್ಲ ಅನ್ನಿಸಿತು.

ಕಡಲತಡಿ
ಅಕ್ಕಾ, ಆ ಮಾತು ಅಂದವರು ತಪ್ಪು ಮಾಡಿದರು. 1992ರಲ್ಲಿ ಬಂದ ನಮ್ಮ ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ, ಹಾಗೆ ಹೋದವರ ರಕ್ಷಣೆಯ ಬಗ್ಗೆ ನಿರಾಶೆ ಬೇಡ, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ ಅಂತ.

ಹಳೆ_ಓಲೆ
ಮಳೆಗಾಲ ಅವರೇ, ಹಳೆಯ ಕಾಲದಲ್ಲೂ ಎಲ್ಲರೂ ಜಗಲಿಯವರ ಹಾಗೆ ಯೋಚಿಸಲಿಲ್ಲ. ಹಳೆಯ ಚರ್ಚಿನ ದೊಡ್ಡ ಪಂಡಿತ ಅಗಸ್ಟೀನ್ ಯೂದನ ನೇಣನ್ನು ಪಾಪದ ಮೇಲೆ ಪಾಪ ಅಂದ, ಅದೇ ಜಾಸ್ತಿ ಹಬ್ಬಿತು. ಅವನಿಗಿಂತ ಮುಂಚೆ, ಮೂರನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಒರಿಗೆನ್ ಬೇರೆ ಬರೆದಿದ್ದಾನೆ. ಯೂದ ತನ್ನ ಗುರು ಸಾಯುತ್ತಾನೆ ಅಂತ ತಿಳಿದು, ತಾನು ಮೊದಲೇ ಆ ಲೋಕಕ್ಕೆ ಹೋಗಿ, ಬರೀ ಆತ್ಮದಲ್ಲಿ ಗುರುವಿನ ಎದುರು ನಿಂತು, ತಪ್ಪು ಒಪ್ಪಿಕೊಂಡು ಕರುಣೆ ಕೇಳೋಣ ಅಂದುಕೊಂಡನೇನೋ ಅಂತ. ಒರಿಗೆನ್ ಅದನ್ನು ಸರಿ ಅನ್ನುವುದಿಲ್ಲ. ಆದರೆ ಆ ಮನಸ್ಸಿನ ಒಳಗೆ ಹೋಗಿ ನೋಡಿದ್ದಾನೆ.

ಮಲ್ಲಿಗೆಬಳ್ಳಿ
ಫ್ರಾನ್ಸಿನ ವೆಜೆಲೆ ಊರಿನ ಮಗ್ದಲದ ಮರಿಯಳ ದೇವಾಲಯದಲ್ಲಿ ಒಂದು ಕಂಬ ಇದೆ. 12ನೇ ಶತಮಾನದ್ದು. ಚಿತ್ರ ನೋಡಿದ್ದೇನೆ. ಕಂಬದ ತಲೆಯ ಒಂದು ಬದಿಯಲ್ಲಿ ಯೂದ ನೇತಾಡುತ್ತಿದ್ದಾನೆ, ನಾಲಿಗೆ ಹೊರಗೆ ಬಂದಿದೆ. ಇನ್ನೊಂದು ಬದಿಯಲ್ಲಿ ಒಬ್ಬ ಮನುಷ್ಯ ಆ ಹೆಣವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಾನೆ, ಕುರುಬ ಕುರಿ ಹೊತ್ತ ಹಾಗೆ. ಆ ಹೊತ್ತವನು ಯೇಸು ಅಂತಲೇ ತುಂಬ ಜನ ನೋಡುತ್ತಾರೆ. ಪೋಪ್ ಫ್ರಾನ್ಸಿಸ್ ಈ ಶಿಲ್ಪದ ಬಗ್ಗೆ ಒಂದಕ್ಕಿಂತ ಹೆಚ್ಚು ಸಲ ಮಾತಾಡಿದ್ದರು.

ನಾನು ಮೇಲೆ ಎರಡು ಬಾಗಿಲು ಅಂದೆ. ಈಗಲೂ ಎರಡಿವೆ ಅನ್ನುತ್ತೇನೆ. ಆದರೆ ಯಾರ ಜಗಲಿಯಲ್ಲಿ ಕೂತು ಯಾವ ಬಾಗಿಲು ತೋರಿಸುತ್ತಿದ್ದೇವೆ ಅಂತ ನೋಡಿಕೊಳ್ಳಬೇಕು.

ಮಳೆಗಾಲ
ಆ ಕಂಬದ ಚಿತ್ರ ಹುಡುಕಿ ನೋಡಿದೆ. ಅಪ್ಪನಿಗೂ ತೋರಿಸಿದೆ. ತುಂಬ ಹೊತ್ತು ಫೋನ್ ಕೈಯಲ್ಲಿ ಹಿಡಿದುಕೊಂಡಿದ್ದರು.

ಕೆಳದನಿ
ನಿನ್ನೆ ಕಾರ್ಯಕ್ರಮ ಮುಗಿಯಿತು. ಎರಡು ವಿಷಯ ಹೇಳಬೇಕು.

ಕೊನೆಯ ಊಟದಲ್ಲಿ ಯೇಸು, ನಿಮ್ಮಲ್ಲಿ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಅನ್ನುತ್ತಾನೆ. ಆಗ ಶಿಷ್ಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು "ಸ್ವಾಮೀ, ನಾನೋ?" ಅಂತ ಕೇಳುತ್ತಾರೆ. ಕೆಲವೇ ಸೆಕೆಂಡಿನ ಕೂಗು. ನಿರ್ದೇಶಕರು ಕೊನೆಯ ತಾಲೀಮಿನಲ್ಲಿ ಅದನ್ನು ನಿಲ್ಲಿಸಿ, 'ಸ್ವಾಮೀ' ಅನ್ನುವ ಮಾತು ಎಷ್ಟು ಸಲ ಬರುತ್ತದೆ ಎಣಿಸಿ ಅಂದರು. ಹನ್ನೊಂದು. ಹನ್ನೆರಡನೆಯವನು ಆಗ ಸುಮ್ಮನಿದ್ದಾನೆ. ಅವನು ಕೇಳುವ ಮೊದಲೇ ಬಾಖ್ ಒಂದು ಭಕ್ತಿಗೀತೆ ಇಟ್ಟಿದ್ದಾನೆ, ಚರ್ಚಿಗೆ ಬಂದ ಜನರೆಲ್ಲರ ಪರವಾಗಿ. ಅದರ ಮೊದಲ ಮಾತೇ "ನಾನೇ". ಅದನ್ನು ಹಾಡುವಾಗ ಎರಡೂ ಕ್ವಾಯರ್ ಒಟ್ಟಿಗೆ ಹಾಡುತ್ತೇವೆ. ಅದಾದ ಮೇಲೆ ಯೂದ ಒಬ್ಬನೇ ಕೇಳುತ್ತಾನೆ, "ಗುರುವೇ, ನಾನೋ?"

ಎರಡನೆಯದು, ಪಿಟೀಲಿನ ಹಾಡು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮೊದಲು ನಾಣ್ಯ ಕೇಳಿಸಿತು, ಗ್ರಾಮಫೋನ್ ಸರ್ ಹೇಳಿದ ಹಾಗೇ. ಹಾಡು ಅರ್ಧ ಆಗುವಷ್ಟರಲ್ಲಿ ನಾಣ್ಯ ಮರೆತುಹೋಯಿತು. "ವಾಪಸ್ ಕೊಡಿ, ವಾಪಸ್ ಕೊಡಿ" ಅನ್ನುವುದಷ್ಟೇ ಉಳಿಯಿತು. ಮಳೆಗಾಲ ಅವರೇ, ನಿಮ್ಮ ತಂದೆಯವರ ಮಾತು ನೆನಪಾಯಿತು. ಓಡಿ ಹೋಗಿ ತಡೆಯಬೇಕು ಅನ್ನುವವರ ಅವಸರ ಆ ಪಿಟೀಲಿನಲ್ಲಿ ಇದೆ ಅನ್ನಿಸಿತು. ನಾನು ಹಿಗ್ಗು ಅಂದುಕೊಂಡಿದ್ದು ಅದನ್ನೇ.

ಗ್ರಾಮಫೋನ್
ಇಷ್ಟು ವರ್ಷ ಕೇಳಿದ್ದೇನೆ, ಹೀಗೆ ಕೇಳಿಸಿರಲಿಲ್ಲ. ಈವತ್ತು ರಾತ್ರಿ ಮತ್ತೆ ಹಾಕುತ್ತೇನೆ.

ಮಳೆಗಾಲ
ಧ್ವನಿಮುದ್ರಣ ಇದ್ದರೆ ಕಳಿಸಿ. ಆ ಒಂದು ಹಾಡು ಸಾಕು. ಅಪ್ಪನಿಗೆ ಕೇಳಿಸಬೇಕು.

ಕೆಳದನಿ
ಕ್ವಾಯರ್‌ನವರು ಮಾಡಿಕೊಂಡಿದ್ದಾರೆ. ಸೋಮವಾರ ಕೈಗೆ ಸಿಗುತ್ತದೆ, ಅವತ್ತೇ ಕಳಿಸುತ್ತೇನೆ.